ಮೇಸ್ತ್ರಿ ಮಗಳಿಗೆ ಹೊಲಿದ ಸೀಟು

ಸೀಟು ಮೇಸ್ತ್ರಿ ಎಲ್ಲಿಗೆ ಹೋದರೂ ಮೊದಲು ಕೂರುವುದಿಲ್ಲ, ಒತ್ತುತ್ತಾನೆ. ಸೋಫಾ ಇರಲಿ, ಬಸ್ಸಿನ ಸೀಟಿರಲಿ, ಆಸ್ಪತ್ರೆಯ ಬೆಂಚೇ ಇರಲಿ, ಹೆಬ್ಬೆರಳನ್ನು ನಟ್ಟನಡುವೆ ಊರಿ, ಅದು ಎಷ್ಟು ತಗ್ಗಿತು, ಎಷ್ಟು ಹೊತ್ತಿಗೆ ಮೇಲೆದ್ದಿತು ಎಂದು ನೋಡುತ್ತಾನೆ. ಆಮೇಲೆ "ಹ್ಞೂಂ" ಎಂದೋ "ಅಯ್ಯೋ" ಎಂದೋ ತೀರ್ಪು ಕೊಟ್ಟು, ಆಮೇಲೆಯೇ ತನ್ನ ಭಾರ ಬಿಡುತ್ತಾನೆ. ಅವನನ್ನು ಊಟಕ್ಕೆ ಕರೆದವರ ಮನೆಯಲ್ಲಿ ಈ "ಅಯ್ಯೋ" ಕೇಳಿ ಮುಖ ಊದಿಸಿಕೊಂಡವರಿದ್ದಾರೆ. ಅವನಿಗೆ ಅದರ ಗೊಡವೆಯೇ ಇಲ್ಲ.

ಗ್ಯಾರೇಜುಗಳ ಬೀದಿಯ ಕೊನೆಯಲ್ಲಿ ಅವನ ಅಂಗಡಿ. ಕಾರು, ವ್ಯಾನು, ಲಾರಿ, ಸ್ಕೂಟರು, ಯಾವುದರ ಸೀಟು ಹರಿದರೂ ಅಲ್ಲಿಗೇ ಬರಬೇಕು. ಮೂವತ್ತು ವರ್ಷದಿಂದ ರೆಕ್ಸಿನ್ನು, ಸ್ಪಂಜು, ದಪ್ಪ ದಾರ, ಅಂಟು ಇವುಗಳ ನಡುವೆಯೇ ಬದುಕಿದವನು. ಅವನ ಅಂಗಿಯ ತೋಳಿಗೆ ಯಾವಾಗಲೂ ಒಂದು ದಾರದ ತುಂಡು ಅಂಟಿಕೊಂಡಿರುತ್ತದೆ. ಸೀಟು ನೋಡಿಯೇ ಕೂರುವವನ ಗುಣ ಹೇಳುವುದು ಅವನ ಹೆಮ್ಮೆ. ಮುಂತುದಿ ಸವೆದಿದ್ದರೆ ಆತುರಗಾರ. ಎಡಗಡೆ ತಗ್ಗಿದ್ದರೆ ಕಿಟಕಿಗೆ ಮೊಣಕೈ ಊರಿಕೊಂಡು ಊರ ವಿಚಾರ ನೋಡುವವನು. ಬೆನ್ನಿನ ಭಾಗ ಹೊಸದಾಗಿಯೇ ಉಳಿದಿದ್ದರೆ, ಪಕ್ಕದ ಸೀಟಿನಲ್ಲಿ ಹೆಂಡತಿ ಕೂರುತ್ತಾಳೆ ಎಂದು ಅರ್ಥ. ಇದನ್ನೆಲ್ಲ ಅವನು ಗಿರಾಕಿಗಳ ಎದುರಿಗೇ ಹೇಳುತ್ತಾನೆ, ಗಿರಾಕಿಗಳೂ ನಗುತ್ತಾರೆ, ಹೆಂಡತಿ ಜೊತೆಗಿಲ್ಲದಿದ್ದರೆ.

ಸೀಟಿನ ವಿಷಯದಲ್ಲಿ ಇಷ್ಟು ಚುರುಕಾದವನು ಬೇರೆ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವುದರಲ್ಲಿ ಮಹಾ ಸೋಮಾರಿ. ದಾರದ ಬಣ್ಣ ಆರಿಸಲು ಎರಡು ದಿನ ಬೇಕು. ಅವನ ಮದುವೆಯೂ ಹಾಗೇ ಆಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರೊಬ್ಬಳು ಸ್ಕೂಟರಿನ ಹರಿದ ಸೀಟು ತಂದು ಕೊಟ್ಟಿದ್ದಳು. ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ದಿನಕ್ಕೊಂದು ಹೊಸ ದೋಷ ಕಂಡುಹಿಡಿದು ಹನ್ನೊಂದು ದಿನ ಎಳೆದ. ಹನ್ನೊಂದನೆಯ ದಿನ ಟೀಚರು ಬಂದು, "ರೀ ಮೇಸ್ತ್ರಿ, ನಿಮಗೆ ಈ ಸೀಟು ಇಷ್ಟಾನೋ ನಾನು ಇಷ್ಟಾನೋ ಒಂದು ಹೇಳ್ಬಿಡಿ. ನಡೆದೂ ನಡೆದೂ ನನ್ನ ಕಾಲು ಬಿದ್ದುಹೋಗ್ತಿದೆ," ಎಂದಳು. ಯೋಚನೆ ಮಾಡಲು ಅವನು ಎರಡು ದಿನ ಕೇಳಿದ. ಅವಳು ಸಂಜೆವರೆಗೆ ಕೊಟ್ಟಳು.

ಆಗ ಅವನಿಗೆ ನಲವತ್ತು ದಾಟಿತ್ತು. ಮೂರು ವರ್ಷದ ಮೇಲೆ ಮಗಳು ಹುಟ್ಟಿದಳು. ದುಂಡು ಮುಖ, ದುಂಡು ಕಣ್ಣು. ಅಪ್ಪ ಗುಂಡಿ ಎಂದು ಕರೆದ, ಎಲ್ಲರಿಗೂ ಅದೇ ರೂಢಿಯಾಯಿತು. ಹೆಂಡತಿಯ ಬಾಣಂತನಕ್ಕೆಂದು ಬಂದ ಅತ್ತೆ ಇಲ್ಲೇ ಉಳಿದರು. ಈಗ ಮನೆಯಲ್ಲಿ ನಾಲ್ಕು ಜನ, ನಿರ್ಧಾರ ತೆಗೆದುಕೊಳ್ಳುವವರು ಮೂವರು. ಉಳಿದ ಒಬ್ಬ ಮೇಸ್ತ್ರಿ.

ಗುಂಡಿಗೆ ವರ್ಷ ತುಂಬಿದಾಗ ಮನೆಗೊಂದು ಕಾರೂ ಅದಕ್ಕೊಂದು ಮಕ್ಕಳ ಸೀಟೂ ಬಂದವು. ದಿನಾ ಬೆಳಿಗ್ಗೆ ಹೆಂಡತಿ ಮಗಳನ್ನು ಅದರಲ್ಲಿ ಕೂರಿಸಿ, ಭುಜದ ಮೇಲಿಂದ ಎರಡು, ಸೊಂಟಕ್ಕೆ ಎರಡು, ಕಾಲಿನ ನಡುವಿನಿಂದ ಒಂದು, ಹೀಗೆ ಐದು ಬೆಲ್ಟು ಸೇರಿಸಿ ಕ್ಲಿಪ್ಪು ಹಾಕಿ, ದಾರಿಯಲ್ಲಿ ಶಿಶುವಿಹಾರಕ್ಕೆ ಬಿಟ್ಟು ಶಾಲೆಗೆ ಹೋಗುತ್ತಿದ್ದಳು. ಸೀಟು ಗಟ್ಟಿಮುಟ್ಟಾಗಿತ್ತು. ಆದರೆ ಅದರ ಕವರು ಬೂದಿ ಬಣ್ಣದ ಒರಟು ಬಟ್ಟೆ, ಒಳಗೆ ಮೆತ್ತೆ ಎಂಬುದು ಹೆಸರಿಗೆ. ಮೇಸ್ತ್ರಿ ಹೆಬ್ಬೆರಳು ಊರಿ ನೋಡಿ "ಅಯ್ಯೋ ಅಯ್ಯೋ" ಎಂದಿದ್ದ. ಎರಡು ಸಲ ಅಯ್ಯೋ ಎನ್ನಿಸಿಕೊಂಡ ಸೀಟು ಅವನ ಜೀವಮಾನದಲ್ಲಿ ಅದೊಂದೇ.

ಹೋದ ತಿಂಗಳು ಹೆಂಡತಿ ಯಾವುದೋ ತರಬೇತಿಗೆಂದು ಮೂರು ದಿನ ಪರವೂರಿಗೆ ಹೋದಾಗ, ಮೇಸ್ತ್ರಿ ಬದುಕಿನಲ್ಲಿ ಮೊದಲ ಬಾರಿಗೆ ಒಂದೇ ನಿಮಿಷದಲ್ಲಿ ಒಂದು ನಿರ್ಧಾರ ಮಾಡಿದ. ಸೀಟನ್ನು ಅಂಗಡಿಗೆ ಒಯ್ದ. ಹಳೆಯ ಕವರಿನ ಮೇಲೆಯೇ ಕೆಳಗೂ ಬೆನ್ನಿಗೂ ಒಂದೊಂದು ಇಂಚು ಒಳ್ಳೆಯ ಸ್ಪಂಜು ಹಾಸಿ, ಅದರ ಮೇಲೆ ಜೇನಿನ ಬಣ್ಣದ ಮೆತ್ತನೆಯ ರೆಕ್ಸಿನ್ನು ಎಳೆದು, ಜೋಡಿ ಹೊಲಿಗೆ ಹಾಕಿದ. ಬೆಲ್ಟು ಬರುವಲ್ಲಿ ಸೀಳು ಕೊಟ್ಟು ಅಂಚು ಕಟ್ಟಿದ. ತಲೆ ಬರುವ ಜಾಗಕ್ಕೆ ಒಂದು ಹಳದಿ ಬಾತುಕೋಳಿ. ಹಿಂಬದಿಯ ಪ್ಲಾಸ್ಟಿಕ್ಕು ಬೋಳಾಗಿ ಕಾಣುತ್ತಿತ್ತು. ಮೇಸ್ತ್ರಿಯ ಕಣ್ಣಿಗೆ ಪ್ಲಾಸ್ಟಿಕ್ಕು ಕಾಣುವ ಸೀಟೂ ಒಂದೇ, ಬನಿಯನ್ನಿನಲ್ಲಿ ಬೀದಿಗೆ ಬಂದ ಮನುಷ್ಯನೂ ಒಂದೇ. ಅದನ್ನೂ ರೆಕ್ಸಿನ್ನಿನಿಂದ ಸುತ್ತಿ ಅಂಟು ಹಚ್ಚಿ ಅಂಚಿಗೆ ಹೊಲಿದುಬಿಟ್ಟ. ಅಲ್ಲಿ ಏನೇನೋ ಸಣ್ಣಕ್ಷರದ ಸ್ಟಿಕ್ಕರುಗಳಿದ್ದವು. ಅವನು ಓದಲಿಲ್ಲ. ಸೀಟನ್ನೇ ಓದಬಲ್ಲವನಿಗೆ ಅದರ ಮೇಲೆ ಬರೆದದ್ದು ಯಾಕೆ ಬೇಕು?

ಹೆಂಡತಿ ಬಂದವಳು ನೋಡಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಗುಂಡಿ ಹತ್ತಿ ಕೂತು, ಪುಟ್ಟ ಹೆಬ್ಬೆರಳನ್ನು ರೆಕ್ಸಿನ್ನಿಗೆ ಊರಿ, "ಹ್ಞೂಂ" ಎಂದಳು. ತೆರೆದ ಬಾಯಿ ನಗುವಿಗೆ ತಿರುಗಿತು. ಮೇಸ್ತ್ರಿ ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ಇಂಥ ಮನೆಗೆ ವಿಮಾನದ ಮಾತು ಬಂದು ನುಗ್ಗಿತು. ಹೆಂಡತಿಯ ಅಕ್ಕ ವಿಮಾನದಲ್ಲಿ ನಾಲ್ಕು ಗಂಟೆಯ ದೂರದಲ್ಲಿದ್ದಾಳೆ. ಶಾಲೆಗೆ ರಜೆ ಬಂತು, ಬನ್ನಿ ಬನ್ನಿ ಎಂದು ಫೋನಿನ ಮೇಲೆ ಫೋನು. ಹೊರಡುವ ದಿನಕ್ಕೆ ಗುಂಡಿಗೆ ಎರಡು ವರ್ಷ ತುಂಬಲು ಒಂಬತ್ತು ದಿನ ಬಾಕಿ. ಎರಡರೊಳಗಿನ ಮಗು ಮಡಿಲಲ್ಲಿ ಕೂರಬಹುದು, ಎರಡು ತುಂಬಿದ ಮಗುವಿಗೆ ಬೇರೆ ಸೀಟು ಬೇಕೇ ಬೇಕು ಎಂಬುದು ವಿಮಾನದವರ ನಿಯಮ. ವಾಪಸು ಬರುವ ಹೊತ್ತಿಗೆ ಗುಂಡಿಗೆ ಎರಡು ದಾಟಿರುತ್ತದೆ.

"ಹೋಗುವಾಗ ಮಡಿಲು, ಬರುವಾಗ ಸೀಟು. ಲೆಕ್ಕ ಮುಗೀತು," ಎಂದಳು ಹೆಂಡತಿ. ಕಪ್ಪುಹಲಗೆ ಒರೆಸುವಷ್ಟು ಹೊತ್ತಿನಲ್ಲಿ ಅವಳ ನಿರ್ಧಾರ ಆಗಿಬಿಡುತ್ತದೆ.

ಮೇಸ್ತ್ರಿ ಊಟದ ತಟ್ಟೆಯಿಂದ ಕೈ ಎತ್ತಿದ. "ಮಡಿಲು ಸೀಟಲ್ಲ," ಎಂದ.

"ಮತ್ತೇನು?"

"ಮಡಿಲು ಮಡಿಲು. ಅದಕ್ಕೆ ಬೆಲ್ಟು ಇಲ್ಲ, ಫ್ರೇಮಿಲ್ಲ, ಬೋಲ್ಟಿಲ್ಲ. ನಮ್ಮ ಸೀಟನ್ನೇ ತಗೊಂಡು ಹೋಗೋಣ. ವಿಮಾನದ ಸೀಟಿಗೆ ಅದನ್ನ ಕಟ್ಟಿ ಕೂರಿಸೋಣ."

"ಸರಿ, ಹಾಗಾದ್ರೆ ತಗೊಂಡು ಹೋಗೋದು ಅಂತ ಟಿಕೆಟ್ ಮಾಡ್ಲಾ?"

ಇಷ್ಟು ಬೇಗ ತೀರ್ಮಾನದ ಬಾಗಿಲಿಗೆ ತಂದು ನಿಲ್ಲಿಸಿದರೆ ಮೇಸ್ತ್ರಿಗೆ ಉಸಿರುಗಟ್ಟುತ್ತದೆ. "ಸ್ವಲ್ಪ ಯೋಚನೆ ಮಾಡೋಣ," ಎಂದ.

ಹಾಗೆಂದದ್ದೇ ತಪ್ಪಾಯಿತು. ಎಲ್ಲರೂ ಮೂಗು ತೂರಿಸಿದರು. ಮೊದಲು ಫೋನಿನಲ್ಲಿ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಹನ್ನೊಂದು ಸಲ ವಿಮಾನ ಹತ್ತಿಳಿದ ಮನುಷ್ಯ, ಹನ್ನೊಂದೂ ಸಲದ ವಿವರ ಬಾಯಿಪಾಠ.

"ಮೇಸ್ತ್ರಿಗಳೇ, ಆಕಾಶದಲ್ಲಿ ಎದುರಿಗೆ ಲಾರಿ ಬರುತ್ತಾ?"

"ಇಲ್ಲ ಭಾವ."

"ಎಮ್ಮೆ ಅಡ್ಡ ಬರುತ್ತಾ?"

"ಇಲ್ಲ ಭಾವ. ಆದರೆ ಗಾಳಿಯಲ್ಲಿ ಹೊಂಡ ಇರುತ್ತಂತಲ್ಲ. ವಿಮಾನ ದಡಕ್ಕಂತ ಕೆಳಗೆ ಬೀಳುತ್ತಂತೆ."

"ಹನ್ನೊಂದು ಸಲದಲ್ಲಿ ನನಗೆ ಚಹಾ ಕೂಡ ಚೆಲ್ಲಿಲ್ಲ! ಸೀಟು ಹೊತ್ಕೊಂಡು ಬರ್ತಾರಂತೆ ಸೀಟು. ಹಾಗೇ ಮನೆಯ ಮಂಚಾನೂ ತಗೊಂಡು ಬನ್ನಿ, ಇಲ್ಲಿ ನಮ್ಮದು ಸ್ವಲ್ಪ ಕಿರುಗುಟ್ಟುತ್ತೆ."

ಆಮೇಲೆ ಅತ್ತೆ. "ನಾನು ನಾಲ್ಕು ಮಕ್ಕಳನ್ನ ಮಡಿಲಲ್ಲೇ ಇಟ್ಕೊಂಡು ಊರೂರು ತಿರುಗಿದ್ದೀನಿ ಅಳಿಯಂದಿರೇ. ಬಸ್ಸು, ರೈಲು, ಒಂದ್ಸಲ ಸೈಕಲ್ಲು. ಒಂದು ಮಗೂನೂ ಜಾರಿಲ್ಲ."

"ಅಕ್ಕ ಜಾರಿದ್ಳಲ್ಲಮ್ಮ, ಸೈಕಲ್ಲಿಂದ," ಎಂದಳು ಹೆಂಡತಿ.

"ಅದು ಅವಳ ತಪ್ಪು. ಆವಾಗಿಂದಾನೇ ಅವಳಿಗೆ ಗಡಿಬಿಡಿ ಜಾಸ್ತಿ."

ಮೇಸ್ತ್ರಿ ಯಾರಿಗೂ ಎದುರು ಹೇಳಲಿಲ್ಲ, ಆದರೆ ಜಪ್ಪಯ್ಯ ಎಂದರೂ ಒಪ್ಪಲೂ ಇಲ್ಲ. ಅವನ ಹಟಕ್ಕೆ ಒಂದು ಕಾರಣವಿತ್ತು, ಅದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಪಘಾತವಾದ ಗಾಡಿಗಳ ಸೀಟುಗಳೂ ಅವನ ಅಂಗಡಿಗೇ ಬರುತ್ತವೆ. ಹಳೆಯ ಕವರು ಬಿಚ್ಚುವಾಗ ಹೊಲಿಗೆಯ ಸಂದಿಯಲ್ಲಿ ಏನೇನೋ ಸಿಗುತ್ತದೆ, ಬಿಸ್ಕತ್ತಿನ ಪುಡಿ, ಬಣ್ಣದ ಪೆನ್ಸಿಲಿನ ತುಂಡು, ಕೆಲವೊಮ್ಮೆ ಬೆರಳುದ್ದದ ಕಾಲುಚೀಲ. ಆ ಗಾಡಿಯಲ್ಲಿ ಏನಾಯಿತು ಎಂದು ಅವನು ಎಂದೂ ಕೇಳಿದವನಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ ಎಂಬ ಭಯ. ಗುಂಡಿ ಹುಟ್ಟಿದ ಮೇಲಂತೂ, ಅಂಥ ಕಾಲುಚೀಲ ಕೈಗೆ ಸಿಕ್ಕರೆ ಹೊರಗೆ ಬಂದು ಕೈ ತೊಳೆದು ಬೀದಿ ನೋಡುತ್ತ ನಿಂತುಬಿಡುತ್ತಾನೆ. ಆ ದಿನ ಮನೆಗೆ ಹೋದವನು ಮಗಳ ಪಾದವನ್ನು ಕೈಯಲ್ಲಿ ಹಿಡಿದು ಕೂರುತ್ತಾನೆ. ಗುಂಡಿಗೆ ಕಚಗುಳಿ, ಒದೆಯುತ್ತಾಳೆ.

ಶುಕ್ರವಾರ ಹೆಂಡತಿ ಗಡುವು ಕೊಟ್ಟಳು. "ಭಾನುವಾರ ಸಂಜೆವರೆಗೆ. ಆಮೇಲೆ ನಾನು ಮಡಿಲು ಅಂತಾನೇ ಟಿಕೆಟ್ ಮಾಡ್ತೀನಿ."

ಬಾಯಿಮಾತಿನಲ್ಲಿ ಗೆಲ್ಲಲು ಬಾರದವನು ಕೈಕೆಲಸಕ್ಕೆ ಇಳಿದ. ರೆಕ್ಸಿನ್ನಿನಲ್ಲಿ ಒಂದು ಚೀಲ ಹೊಲಿದು ಅದಕ್ಕೆ ಮರಳು ತುಂಬಿದ, ಸರಿಯಾಗಿ ಹನ್ನೊಂದು ಕಿಲೋ, ಗುಂಡಿಯ ತೂಕ. ಬರೀ ಚೀಲ ಸಾಕಿತ್ತು. ಕೈ ಕೇಳಬೇಕಲ್ಲ, ಎರಡು ತೋಳು, ಎರಡು ಕಾಲು, ಒಂದು ದುಂಡು ತಲೆಯನ್ನೂ ಹೊಲಿದ. ಭಾನುವಾರ ಬೆಳಿಗ್ಗೆ ಪಕ್ಕದ ಗ್ಯಾರೇಜಿನವನ ವ್ಯಾನು ಕೇಳಿ ತಂದು, ಗ್ಯಾರೇಜುಗಳ ಹಿಂದಿನ ಖಾಲಿ ಮೈದಾನಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಹೋದ. ಗುಂಡಿಯನ್ನು ನೋಡಿಕೊಳ್ಳಲು ಗ್ಯಾರೇಜಿನವನ ಹೆಂಡತಿ ಒಪ್ಪಿದಳು. ವ್ಯಾನು ಓಡಿಸುವವಳು ಟೀಚರು. ನಡುವಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡ ಅತ್ತೆ. ಅವರ ಮಡಿಲಲ್ಲಿ ಮರಳಿನ ಮೊಮ್ಮಗಳು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ."

"ನಾಲ್ಕು ಮಕ್ಕಳನ್ನ ಹಿಡಿದ ಕೈ ಇದು. ನೀವು ಸುಮ್ಮನೆ ನೋಡ್ತಾ ಇರಿ."

ವ್ಯಾನು ಮೂವತ್ತರ ವೇಗಕ್ಕೆ ಬಂತು. ಟೀಚರು ಬ್ರೇಕು ತುಳಿದಳು. ಮರಳಿನ ಮೊಮ್ಮಗಳು ಅಜ್ಜಿಗೆ ಹೇಳದೆ ಕೇಳದೆ ಹೊರಟು, ಮುಂದಿನ ಸೀಟಿನ ಬೆನ್ನಿಗೆ ಧೊಪ್ಪನೆ ಬಡಿದು ಕಾಲಬುಡದಲ್ಲಿ ತಲೆಕೆಳಗಾಗಿ ಬಿದ್ದಳು.

ಅತ್ತೆ ಬಗ್ಗಿ ಮೂಟೆಯನ್ನು ಮೇಲೆತ್ತಿದರು. "ಮೂಟೆ ಅಂತ ಬಿಟ್ಟೆ," ಎಂದರು. "ಮಗು ಆಗಿದ್ರೆ ಬಿಡ್ತಿದ್ನಾ?"

"ಹಾಗಾದ್ರೆ ಇನ್ನೊಂದ್ಸಲ. ಈ ಸಲ ಗುಂಡಿ ಅಂತಾನೇ ತಿಳ್ಕೊಳ್ಳಿ."

ಎರಡನೆಯ ಸಲ ಅತ್ತೆ ಶಾಲನ್ನು ಮೂಟೆಗೆ ಸುತ್ತಿ, ಎರಡೂ ತೋಳಿನಿಂದ ಬಿಗಿದಪ್ಪಿ, ಹಲ್ಲು ಕಚ್ಚಿ ಕೂತರು. ಟೀಚರು ಬ್ರೇಕು ತುಳಿದಳು. ಈ ಸಲ ಶಾಲು ಕೂಡ ಹೋಯಿತು. ಮೂಟೆಯ ಹೊಲಿಗೆ ಮಾತ್ರ ಬಿಚ್ಚಲಿಲ್ಲ. ಮೇಸ್ತ್ರಿ ಅದನ್ನು ಗಮನಿಸದೆ ಇರಲಿಲ್ಲ.

ಅತ್ತೆ ಖಾಲಿ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಕೊನೆಗೆ, "ಆ ಹುಡುಗಿಗೆ ಸೀಟು ತಗೊಳ್ಳಿ," ಎಂದರು. "ಎರಡು ಕಡೆಗೂ." ಹೆಂಡತಿ ವ್ಯಾನಿನಲ್ಲಿಯೇ ಕೂತು ಫೋನಿನಲ್ಲಿ ಗುಂಡಿಗೆ ಕಿಟಕಿ ಪಕ್ಕದ ಸೀಟು ಹಿಡಿದಳು.

ಹೊರಡುವ ಹಿಂದಿನ ದಿನ ಅವಳು ಗಂಡನ ಜೇಬುಗಳನ್ನೆಲ್ಲ ಖಾಲಿ ಮಾಡಿಸಿದಳು. ದಬ್ಬಣ, ದಾರ ಕತ್ತರಿಸುವ ಬ್ಲೇಡು, ಮೂರು ಸೂಜಿ, ಒಂದು ಸೀಮೆಸುಣ್ಣ. ಸೀಮೆಸುಣ್ಣ ಯಾಕೆ ಎಂದು ಅವನು ಕೇಳಿದ. "ಕಂಡಕಂಡಲ್ಲಿ ಗೆರೆ ಎಳೀತೀರಾ," ಎಂದಳು. ಮಕ್ಕಳ ಸೀಟಿನ ಅಗಲ ಅಳೆದು ವಿಮಾನದ ಸೀಟಿನ ಅಗಲಕ್ಕೆ ಹೋಲಿಸಿದಳು, ಒಂದು ಬೆರಳು ಜಾಗ ಉಳಿಯುತ್ತಿತ್ತು. ಎಲ್ಲ ಲೆಕ್ಕವೂ ಸರಿಯಿತ್ತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಜೇನು ಬಣ್ಣದ ಸೀಟನ್ನು ನೋಡಿ ಕಣ್ಣರಳಿಸಿದಳು. "ಎಷ್ಟು ಚೆನ್ನಾಗಿದೆ!" ಎಂದಳು. ಮೇಸ್ತ್ರಿ ಎದೆ ಮುಂದೆ ಮಾಡಿ ನಿಂತ. ಅವಳು ಸೀಟನ್ನು ಹಿಂದೆ ಮುಂದೆ ತಿರುಗಿಸಿ, ಬಗ್ಗಿ ಕೆಳಗೂ ನೋಡಿ, "ಸ್ಟಿಕ್ಕರ್ ಎಲ್ಲಿದೆ ಸರ್?" ಎಂದಳು.

"ಯಾವ ಸ್ಟಿಕ್ಕರು?"

"ವಿಮಾನದಲ್ಲಿ ಬಳಸಬಹುದು ಅಂತ ಕೆಂಪಕ್ಷರದಲ್ಲಿ ಬರೆದಿರುತ್ತಲ್ಲ, ಅದು. ಅದನ್ನ ನೋಡದೆ ಒಳಗೆ ಬಿಡೋ ಹಾಗಿಲ್ಲ."

"ಇತ್ತು," ಎಂದಳು ಹೆಂಡತಿ. "ಸೀಟು ತಗೊಂಡಾಗ ಬೆನ್ನ ಮೇಲಿತ್ತು. ನಾನೇ ಓದಿದ್ದೀನಿ." ಆಮೇಲೆ, ಕೊನೆಯ ಬೆಂಚಿನಿಂದ ಏನೋ ಸದ್ದು ಬಂದಾಗ ತಿರುಗುವಂತೆ, ನಿಧಾನವಾಗಿ ಗಂಡನ ಕಡೆ ತಿರುಗಿದಳು. "ರೀ."

"ಒಳಗಿದೆ," ಎಂದ ಮೇಸ್ತ್ರಿ.

"ಯಾವುದರ ಒಳಗೆ?"

"ನನ್ನ ಕೆಲಸದ ಒಳಗೆ."

ಕೌಂಟರಿನ ಹುಡುಗಿ ಸಮಾಧಾನ ಮಾಡಲು ನೋಡಿದಳು. "ಪರವಾಗಿಲ್ಲ ಸರ್, ಮಗುಗೆ ಇನ್ನೂ ಎರಡು ತುಂಬಿಲ್ಲ. ಸೀಟನ್ನ ಲಗೇಜಿಗೆ ಹಾಕಿ ಮಗುನ ಮಡಿಲಲ್ಲಿ ಕೂರಿಸ್ಕೊಂಡ್ರೆ ಆಯ್ತು."

"ಮಡಿಲಾ?" ಎಂದು ಅತ್ತೆ ಎಷ್ಟು ಜೋರಾಗಿ ಕೂಗಿದರೆಂದರೆ ಪಕ್ಕದ ಸಾಲಿನವರೂ ತಿರುಗಿದರು.

"ಒಂದು ಕತ್ತರಿ ಕೊಡ್ತೀಯಾಮ್ಮ?" ಎಂದ ಮೇಸ್ತ್ರಿ.

ಅವಳು ಕೊಟ್ಟದ್ದು ಲಗೇಜಿನ ಚೀಟಿ ಕತ್ತರಿಸುವ, ಬೆರಳೆರಡು ತೂರಿದರೆ ತುಂಬಿಹೋಗುವ ಮೊಂಡು ಕತ್ತರಿ. ಮೇಸ್ತ್ರಿ ನೆಲದ ಮೇಲೆ ಕೂತು ಸೀಟನ್ನು ಬೋರಲು ಹಾಕಿಕೊಂಡ. ಮೂವತ್ತು ವರ್ಷ ಕಲಿತ ವಿದ್ಯೆಯೆಲ್ಲ ಸುರಿದು ಹೊಲಿದ ಜೋಡಿ ಹೊಲಿಗೆ, ಹೊಲಿದವನಿಗೇ ಜಗ್ಗಲೊಲ್ಲದು. ಕತ್ತರಿ ಜಾರಿತು, ಬೆರಳು ಕೊಯ್ದಿತು, ಹಣೆಯಲ್ಲಿ ಬೆವರಿಳಿಯಿತು. ಹಿಂದೆ ಸಾಲಿನಲ್ಲಿ ನಿಂತಿದ್ದ ದಪ್ಪ ಮನುಷ್ಯನೊಬ್ಬ ಬಗ್ಗಿ ನೋಡಿದ.

"ಎಂಥಾ ಹೊಲಿಗೆ ರೀ ಇದು! ಯಾಕೆ ಹಾಳು ಮಾಡ್ತಿದ್ದೀರಾ? ಯಾರು ಹೊಲಿದಿದ್ದು?"

"ಯಾರೋ ಒಬ್ಬ ಪೆದ್ದ," ಎಂದ ಮೇಸ್ತ್ರಿ.

"ಅವನ ವಿಳಾಸ ಇದ್ರೆ ಕೊಡಿ. ನನ್ನ ಕಾರಿಗೂ ಮಾಡಿಸ್ಬೇಕು."

ಅಂಚು ಬಿಟ್ಟಿತು. ಅಂಟಿದ್ದ ರೆಕ್ಸಿನ್ನು ಪರಪರನೆ ಕಿತ್ತು ಬಂತು. ಕೆಳಗೆ ಬಿಳಿಯ ಸ್ಟಿಕ್ಕರು, ಅದರಲ್ಲಿ ಕೆಂಪಕ್ಷರ. ಕೌಂಟರಿನ ಹುಡುಗಿ ಎದ್ದು ನಿಂತು ಇಣುಕಿ, "ಇದೇ ಸರ್, ಇದೇ! ಸಾಕು," ಎಂದಳು. ಅತ್ತೆ ನಿಟ್ಟುಸಿರು ಬಿಟ್ಟರು. ಸಾಲಿನವರು ಗೆದ್ದವರಂತೆ ಮುಖ ಮುಖ ನೋಡಿಕೊಂಡರು.

ಮೇಸ್ತ್ರಿ ಏಳಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಅವನು ಸೀಟಿನ ಮೇಲೆ ಬರೆದದ್ದನ್ನು ಓದುತ್ತಿದ್ದ. ಕೆಂಪಕ್ಷರದ ಕೆಳಗೆ ಇನ್ನೊಂದು ಸ್ಟಿಕ್ಕರಿತ್ತು. ಸೀಟಿನ ಜೊತೆ ಬಂದ ಕವರಿನ ಮೇಲೆ ಬೇರೆ ಮೆತ್ತೆ ಹಾಕಬಾರದು, ಗಾಡಿ ಗುದ್ದಿದಾಗ ಮೆತ್ತೆ ಕುಗ್ಗಿ ಬೆಲ್ಟು ಸಡಿಲವಾಗುತ್ತದೆ, ಮಗು ಜಾರಿಹೋಗಬಹುದು ಎಂದು ಅದರಲ್ಲಿತ್ತು.

ಅವನು ಸೀಟನ್ನು ತಿರುಗಿಸಿ ತನ್ನ ಸ್ಪಂಜಿಗೆ ಹೆಬ್ಬೆರಳು ಊರಿದ. ಇಡೀ ಒಂದಿಂಚು ತಗ್ಗಿತು. ಅಷ್ಟೂ ತಗ್ಗುತ್ತದೆ ಎಂದೇ ಆರಿಸಿ ಹಾಕಿದ ಸ್ಪಂಜು ಅದು. ಸ್ಪಂಜು ತಗ್ಗಿದರೆ ಅದರ ಮೇಲೆ ಬಿಗಿದ ಬೆಲ್ಟಿನ ಕೆಳಗೆ ಅಷ್ಟೇ ಜಾಗ ಬಿಡುತ್ತದೆ ಎಂಬುದು ಎಳೆ ಮಗುವಿಗೂ ತಿಳಿಯುವ ಮಾತು. ಅವನಿಗೆ ಹೊಳೆದಿರಲಿಲ್ಲ. ಅತ್ತೆಯ ಮಡಿಲನ್ನು ಎರಡೆರಡು ಸಲ ಪರೀಕ್ಷೆ ಮಾಡಿದವನು ತನ್ನ ಸೀಟನ್ನು ಒಂದು ಸಲವೂ ಮಾಡಿರಲಿಲ್ಲ. ಒಂದು ತಿಂಗಳು, ದಿನಾ ಬೆಳಿಗ್ಗೆ, ದಿನಾ ಸಂಜೆ, ಲಾರಿಗಳ ಮಧ್ಯೆ ದೊಡ್ಡ ರಸ್ತೆಯಲ್ಲಿ ಗುಂಡಿ ಅದರಲ್ಲೇ ಕೂತು ಹೋಗಿದ್ದಳು. ಮೇಸ್ತ್ರಿಗೆ ಕೂತ ನೆಲವೇ ಕುಸಿದಂತಾಯಿತು.

ಅವನು ಕತ್ತರಿ ಎತ್ತಿಕೊಂಡು ಮುಂಭಾಗದ ಹೊಲಿಗೆಗೆ ಕೈ ಹಾಕಿದ.

"ಸರ್, ಸಾಕು, ಸ್ಟಿಕ್ಕರ್ ಕಾಣ್ತಿದೆ," ಎಂದಳು ಕೌಂಟರಿನ ಹುಡುಗಿ.

"ರೀ, ಸಿಕ್ತಲ್ಲ?" ಎಂದಳು ಹಿಂದೆ ನಿಂತಿದ್ದ ಹೆಂಡತಿ.

"ಅರ್ಧಂಬರ್ಧ ಕಿತ್ತರೆ ಚೆನ್ನಾಗಿರಲ್ಲ," ಎಂದ ಅವನು, ತಲೆಯೆತ್ತದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು, ದನಿ ಸಣ್ಣಗಾಗಿತ್ತು. ಹೆಂಡತಿ ಮತ್ತೆ ಏನೂ ಕೇಳಲಿಲ್ಲ.

ಬೆಲ್ಟಿನ ಸೀಳುಗಳಿಂದ ಅಂಚಿನವರೆಗೆ ಕತ್ತರಿಸಿದ. ಜೇನು ಬಣ್ಣದ ರೆಕ್ಸಿನ್ನು ಹೋಳು ಹೋಳಾಗಿ ಬಂತು. ಬಾತುಕೋಳಿಯ ಸರದಿ ಬಂದಾಗ ಗುಂಡಿ ಇಡೀ ನಿಲ್ದಾಣ ಒಂದಾಗುವಂತೆ ಅತ್ತಳು. ಮೇಸ್ತ್ರಿ ಬಾತುಕೋಳಿಯನ್ನು ಸುತ್ತ ಕತ್ತರಿಸಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ಎದೆಗೆ ಅಪ್ಪಿ, ಅಪ್ಪನನ್ನು ಕಳ್ಳನನ್ನು ನೋಡುವಂತೆ ನೋಡಿದಳು. ಸ್ಪಂಜಿನ ಎರಡು ತುಂಡುಗಳಲ್ಲಿ ಒಂದನ್ನು ಅತ್ತೆ ಬೆನ್ನಿಗೆ ಒಳ್ಳೆಯದು ಎಂದು ಎತ್ತಿಟ್ಟುಕೊಂಡರು. ಇನ್ನೊಂದನ್ನು ದಪ್ಪ ಮನುಷ್ಯ ಕೇಳಿ ಪಡೆದ. ಕೊನೆಗೆ ಉಳಿದದ್ದು ಬೂದಿ ಬಣ್ಣದ, ಒರಟು ಬಟ್ಟೆಯ, ಎರಡು ಸಲ ಅಯ್ಯೋ ಎನ್ನಿಸಿಕೊಂಡ ಅದೇ ಸೀಟು.

ವಿಮಾನದೊಳಗೆ ಅದನ್ನು ಕಿಟಕಿಯ ಪಕ್ಕದಲ್ಲಿ ಕಟ್ಟಿ ನಿಲ್ಲಿಸಿ ಗುಂಡಿಯನ್ನು ಕೂರಿಸಿದರು. ಬೆಲ್ಟುಗಳನ್ನು ಎಳೆದು ಬಿಗಿದವನು ಮೇಸ್ತ್ರಿಯೇ. ಬಿಗಿದು, ಭುಜದ ಬಳಿ ಬೆರಳು ತೂರಿಸಿ ನೋಡಿದ. ಒಂದು ಬೆರಳು ಕಷ್ಟಪಟ್ಟು ಹೋಯಿತು, ಎರಡನೆಯದು ಹೋಗಲಿಲ್ಲ. ಮತ್ತೊಮ್ಮೆ ನೋಡಿದ. ನಾಲ್ಕನೆಯ ಸಲಕ್ಕೆ ಗುಂಡಿ ಕೈಗೆ ಹೊಡೆದಳು. ನಡುವೆ ಹೆಂಡತಿ, ಓಣಿಯ ಕಡೆ ಅವನು, ಹಿಂದಿನ ಸಾಲಿನಲ್ಲಿ ಸ್ಪಂಜಿಗೆ ಒರಗಿದ ಅತ್ತೆ. ತನ್ನ ಸೀಟನ್ನು ಒತ್ತಿ ನೋಡುವುದನ್ನೇ ಅವನು ಮರೆತಿದ್ದ.

ಎರಡು ಗಂಟೆ ಅವನು ತುಟಿ ಬಿಚ್ಚಲಿಲ್ಲ. ಹೇಳಬೇಕು ಅನಿಸುತ್ತಿತ್ತು, ಹೇಳಿದರೆ ಏನಾಗುತ್ತದೆ ಎಂದು ನೆನೆದು ಹಿಂಜರಿಯುತ್ತಿದ್ದ. ಕವರು ಹೇಗೂ ಹೋಯಿತು, ಇನ್ನು ಅಪಾಯವಿಲ್ಲ, ಸುಮ್ಮನೆ ಅವಳ ಎದೆಗೆ ಯಾಕೆ ಬೆಂಕಿ ಹಾಕುವುದು ಎಂದು ಒಂದು ಮನಸ್ಸು. ಎದೆಗೆ ಬೆಂಕಿ ಬೀಳುತ್ತದೆಂದಲ್ಲ, ಸೀಟು ಮೇಸ್ತ್ರಿ ಎಂಬ ಹೆಸರಿಗೆ ಬೀಳುತ್ತದೆಂದು ನಿನ್ನ ಭಯ ಎಂದು ಇನ್ನೊಂದು ಮನಸ್ಸು. ಎರಡು ದಿನ ಯೋಚಿಸೋಣ ಎಂದುಕೊಂಡ.

ಅಷ್ಟರಲ್ಲಿ ಬೆಲ್ಟು ಹಾಕಿಕೊಳ್ಳಿ ಎಂಬ ದೀಪ ಹತ್ತಿತು. ದೀಪ ಹತ್ತಿದ ಮರುಗಳಿಗೆಯಲ್ಲಿ ವಿಮಾನ ದಡಕ್ಕನೆ ಕೆಳಕ್ಕೆ ಬಿತ್ತು. ಯಾರದೋ ಚಹಾ ಮೇಲಕ್ಕೆ ಹಾರಿತು, ಯಾರದೋ ಚಪ್ಪಲಿ ಓಣಿಯಲ್ಲಿ ಜಾರಿಹೋಯಿತು, ಇಡೀ ವಿಮಾನ ಒಂದೇ ದನಿಯಲ್ಲಿ ಕೂಗಿತು. ಮತ್ತೊಮ್ಮೆ ಬಿತ್ತು. ಬಾತುಕೋಳಿ ಗುಂಡಿಯ ಕೈಯಿಂದ ಚಿಮ್ಮಿ, ತಲೆಯ ಮೇಲಿನ ದೀಪದವರೆಗೂ ಹೋಗಿ, ಹಿಂದೆ ಅತ್ತೆಯ ಮಡಿಲಿಗೆ ಬಿತ್ತು. ಗುಂಡಿ ಮಾತ್ರ ಇದ್ದಲ್ಲೇ ಇದ್ದಳು, ಕೂದಲಷ್ಟೂ ಅಲುಗದೆ.

ಎಲ್ಲ ನಿಂತ ಮೇಲೆ ಎದ್ದ ಮೊದಲ ಮಾತು ಅವಳದು. "ಇನ್ನೊಂದ್ಸಲ!"

"ಮಗು?" ಎಂದು ಹಿಂದಿನಿಂದ ಅತ್ತೆ ಚೀರಿದರು.

"ಚೆನ್ನಾಗಿದೆ ಅಮ್ಮ. ಇನ್ನೊಂದ್ಸಲ ಬೇಕಂತೆ."

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. ಯೋಚನೆಗೆ ಕೇಳಿದ್ದ ಎರಡು ದಿನ ಎಲ್ಲಿ ಹೋಯಿತೋ, "ನಿನಗೊಂದು ಹೇಳ್ಬೇಕು," ಎಂದುಬಿಟ್ಟ. ಸ್ಪಂಜು, ಸಡಿಲವಾಗುವ ಬೆಲ್ಟು, ಸಣ್ಣಕ್ಷರದ ಸ್ಟಿಕ್ಕರು, ಒಂದು ತಿಂಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸಂದಿಯಲ್ಲಿ ಸಿಗುವ ಕಾಲುಚೀಲಗಳ ಮಾತನ್ನೂ ಹೇಳಿದ. "ನನ್ನ ಕೈಯಾರೆ ಮಾಡಿದ್ದು," ಎಂದ. "ಮೂವತ್ತು ವರ್ಷ ಸೀಟು ಮಾಡಿ, ಸ್ವಂತ ಮಗಳ ಸೀಟು ಕೆಡಿಸಿದೆ."

ಹೆಂಡತಿ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು. "ಗೊತ್ತು," ಎಂದಳು.

"ಗೊತ್ತಾ? ಹೇಗೆ?"

"ಸ್ಟಿಕ್ಕರ್ ಇದ್ದದ್ದು ಬೆನ್ನಿಗೆ. ನೀವು ಹರೀತಾ ಇದ್ದದ್ದು ಹೊಟ್ಟೆ ಕಡೆ. ನಿಮ್ಮ ಭುಜದ ಮೇಲಿಂದ ನಾನೂ ಬಗ್ಗಿ ಓದಿದೆ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ನೀವಾಗೇ ಹೇಳ್ತೀರೋ ಇಲ್ವೋ ಅಂತ ಕಾಯ್ತಾ ಇದ್ದೆ. ಎರಡು ಗಂಟೆ ಆಯ್ತು."

"ಹೇಳದೆ ಇದ್ದಿದ್ರೆ?"

"ವಾಪಸ್ ಬರುವಾಗ ನೀವು ಬಸ್ಸು."

ಬಸ್ಸಿಗೆ ಮೂರು ದಿನದ ದಾರಿ. ಮೇಸ್ತ್ರಿ ಅದನ್ನು ಲೆಕ್ಕ ಹಾಕುತ್ತಿರುವಾಗ ಹೆಂಡತಿಯ ದನಿ ಇದ್ದಕ್ಕಿದ್ದಂತೆ ಒಡೆಯಿತು. "ನೀವೊಬ್ರೇ ಏನ್ರೀ? ದಿನಾ ಬೆಲ್ಟು ಹಾಕ್ತಿದ್ದದ್ದು ಈ ಕೈ ಅಲ್ವಾ? ಮೆತ್ತಗಿದೆ, ಮಗು ಅಳಲ್ಲ, ಅಷ್ಟೇ ಸಾಕು ಅಂತ ಓಡಿಸಿದ್ದೀನಿ. ನಾನೂ ಒಂದ್ಸಲ ನೋಡಲಿಲ್ಲ."

ಅವಳು ಕಣ್ಣೊರೆಸಿಕೊಳ್ಳದೆ ಕಿಟಕಿಯ ಕಡೆ ವಾಲಿ, ಮಗಳ ಭುಜದ ಬೆಲ್ಟಿನ ಕೆಳಗೆ ಬೆರಳು ತೂರಿಸಿದಳು. ಮೇಸ್ತ್ರಿಯೂ ಅವಳ ಮೇಲಿಂದ ಕೈ ಚಾಚಿ ಇನ್ನೊಂದು ಭುಜದಲ್ಲಿ ತೂರಿಸಿದ. ಇಬ್ಬರ ಬೆರಳೂ ಅಲ್ಲೇ ಉಳಿದವು. ಗುಂಡಿ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಎರಡೂ ಕೈಯನ್ನು ತಳ್ಳಿ, ಕಿಟಕಿಯ ಕಡೆ ತಿರುಗಿ ಮೋಡ ನೋಡತೊಡಗಿದಳು.